ತಗಡಿಗೆ ಬಡಿದಿತ್ತೋ ಇಲ್ಲವೋ

ನಮ್ಮ ಓಣಿಯ ಕ್ರಿಕೆಟ್ಟಿಗೆ ಅದರದೇ ಒಂದು ಸಂವಿಧಾನವಿದ್ದ ಕಾಲ ಅದು. ಬರೆದಿಟ್ಟದ್ದಲ್ಲ. ಬರೆದಿಟ್ಟಿದ್ದರೆ ಜಗಳಕ್ಕೆ ಆಸ್ಪದವೇ ಇರುತ್ತಿರಲಿಲ್ಲ, ಜಗಳವಿಲ್ಲದ ಆಟ ನಮಗೆ ಬೇಕಾಗಿಯೂ ಇರಲಿಲ್ಲ. ಚೆಂಡು ಪಕ್ಕದ ಮನೆಯ ನೀಲವ್ವನ ಹಿತ್ತಲಿಗೆ ಬಿದ್ದರೆ ಹೊಡೆದವನು ಔಟು, ಮತ್ತು ಹೊಡೆದವನೇ ಹೋಗಿ ಬೈಸಿಕೊಂಡು ತರಬೇಕು. ಕಟ್ಟಿದ ಎಮ್ಮೆಗೆ ಬಡಿದರೆ ಒಂದು ರನ್ನು. ನಮ್ಮ ಮನೆಯ ಅಡುಗೆಯ ಚಪ್ಪರದ ತಗಡಿಗೆ ಬಡಿದು ಬಂದ ಚೆಂಡನ್ನು ಹಿಡಿದರೆ ಔಟಿಲ್ಲ. ನನ್ನ ಬಲಗೈಯ ಚರಿತ್ರೆಯೆಲ್ಲ ಈ ಕೊನೆಯ ಕಲಮಿನ ಮೇಲೆ ನಿಂತಿರುವುದರಿಂದ ಓದುವವರು ಅದನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಊರು ಮೋಟೆಬೆನ್ನೂರು. ಬ್ರಿಟಿಷರನ್ನೇ ಸುಮ್ಮನೆ ಬಿಡದ ಊರು ಎಂದು ಮಾಸ್ತರರು ಪ್ರತಿ ಆಗಸ್ಟಿನಲ್ಲಿ ಹೇಳುತ್ತಿದ್ದರು. ಅಂಥ ಊರಿನಲ್ಲಿ ಹುಟ್ಟಿ ಒಂದು ಔಟನ್ನು ಸುಮ್ಮನೆ ಒಪ್ಪಿಕೊಳ್ಳುವುದು ಯಾರಿಗೂ ಶೋಭೆಯಾಗಿರಲಿಲ್ಲ. ಅದರಲ್ಲೂ ನಮ್ಮಣ್ಣ ಬಸು. ಅವನು ಏಳನೆಯ ಇಯತ್ತೆ, ನಾನು ಮೂರನೆಯದು. ಮೂರೂ ಕಟ್ಟಿಗೆ ನೆಲಕ್ಕುರುಳಿದರೂ 'ಗಾಳಿಗೆ ಬಿದ್ದಾವು' ಎಂದು ಬ್ಯಾಟು ಬಿಡದೆ ನಿಲ್ಲುವ ಧೀರ ಅವನು. ಅವನು ತಾನಾಗಿ ಔಟೆಂದು ಒಪ್ಪಿಕೊಂಡದ್ದನ್ನು ಓಣಿಯಲ್ಲಿ ಕಂಡವರಿರಲಿಲ್ಲ.

ಅಪ್ಪ ಬ್ಯಾಡಗಿಯ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಮೆಣಸಿನಕಾಯಿ ರಾಶಿ ನೋಡಿಕೊಳ್ಳುತ್ತಿದ್ದ. ಬೆಳಗ್ಗೆ ಬಿಳಿ ಅಂಗಿ ತೊಟ್ಟು ಸೈಕಲ್ ಹತ್ತಿದವನು ಸಂಜೆ ಕೆಂಪಂಗಿಯವನಾಗಿ ಇಳಿಯುತ್ತಿದ್ದ. ಮಾತು ಕಡಿಮೆ. ದಿನವಿಡೀ ಹರಾಜಿನ ಗದ್ದಲ ಕೇಳಿ ಬಂದವನಿಗೆ ಮನೆಯಲ್ಲಿ ತಾನೂ ಗದ್ದಲ ಮಾಡುವ ಹುರುಪು ಉಳಿದಿರುತ್ತಿರಲಿಲ್ಲ. ಅವ್ವ ಆ ಕಾಯಿಗಳ ತೊಟ್ಟು ಮುರಿಯುವ ಕೂಲಿಗೆ ಹೋಗುತ್ತಿದ್ದಳು. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅಡುಗೆ ಅವಳದು. ತಗಡಿನ ಚಪ್ಪರದ ಕೆಳಗೆ ಒಲೆ, ಒಲೆಯ ಮುಂದೆ ಆಯಿ, ಆಯಿಯ ಮುಂದೆ ರೊಟ್ಟಿ ಬಡಿಯುವ ಹಲಗೆ. ಸಂಜೆಯಾಯಿತೆಂದರೆ ಟಪ್ ಟಪ್ ಎಂಬ ಆ ಸಪ್ಪಳ ಇಡೀ ಓಣಿಗೆ ಕೇಳುತ್ತಿತ್ತು.

ಸಂಕ್ರಾಂತಿ ಮುಗಿದ ವಾರದ ಒಂದು ಸಂಜೆ. ಬಸು ಚೆಂಡನ್ನು ಆಕಾಶಕ್ಕೆ ಎತ್ತಿದ. ನಾನು ಕತ್ತು ಮೇಲೆ ಮಾಡಿ ಹಿಂದೆ ಹಿಂದೆ ಓಡಿದೆ. ಚೆಂಡು ಚಪ್ಪರದ ಅಂಚಿನ ಕಡೆಯಿಂದ ಇಳಿಯಿತು. ಎಡಗೈ ಚಾಚಿದೆ, ಸಿಕ್ಕಿತು. ಅದೇ ಗಳಿಗೆಗೆ ಹಿಮ್ಮಡಿಗೆ ಒಲೆಯ ಕಟ್ಟಿಗೆ ತಾಗಿತು. ಬೀಳುವವರು ಬಲಗೈ ಊರುತ್ತಾರೆ, ನಾನೂ ಊರಿದೆ. ಊರಿದಲ್ಲಿ ಇದ್ದದ್ದು ಆಗಷ್ಟೇ ರೊಟ್ಟಿ ತೆಗೆದ ಕಬ್ಬಿಣದ ಹಂಚು. ನನ್ನ ಭಾರಕ್ಕೆ ಹಂಚು ಓರೆಯಾಗಿ ಕೈ ಅದರ ಜೊತೆಗೇ ಕೆಂಡದೊಳಗೆ ಹೋಯಿತು.

ನೋವಿನ ಬಗ್ಗೆ ಬರೆಯುವಷ್ಟು ನೆನಪಿಲ್ಲ. ವಾಸನೆ ನೆನಪಿದೆ. ಅದನ್ನು ಬರೆಯುವುದಿಲ್ಲ.

ನನ್ನ ಎಡಗೈಯಲ್ಲಿ ಚೆಂಡು ಭದ್ರವಾಗಿತ್ತು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಆಯಿ ನನ್ನನ್ನು ಎಳೆದು ನಿಲ್ಲಿಸಿದಾಗಲೂ ಅದು ಅಲ್ಲೇ ಇತ್ತಂತೆ. ಬಿಡಿಸಿಕೊಳ್ಳಲು ಇಬ್ಬರು ಬೇಕಾದರಂತೆ. ತಕರಾರು ಅದಕ್ಕಿಂತ ಒಂದು ಗಳಿಗೆ ಮುಂಚಿನದು: ಚೆಂಡು ತಗಡಿಗೆ ಬಡಿದು ಬಂತೋ, ನೇರ ಬಂತೋ. ಆ ಗಳಿಗೆಯಲ್ಲಿ ತಗಡಿನ ಕೆಳಗೆ ಇದ್ದವಳು ಆಯಿ ಒಬ್ಬಳೇ. ಸಪ್ಪಳವಾಗಿದ್ದರೆ ಕೇಳಿದ್ದು ಅವಳಿಗೆ.

ಆಮೇಲೆ ಓಣಿಯ ವೈದ್ಯಶಾಸ್ತ್ರವೆಲ್ಲ ನನ್ನ ಕೈಯ ಮೇಲೆ ಇಳಿಯಿತು. ನೀಲವ್ವ ಓಡಿ ಬಂದು ಕೊಬ್ಬರಿ ಎಣ್ಣೆ ಸುರಿದಳು. ಇನ್ಯಾರೋ ಅದರ ಮೇಲೆ ಹಲ್ಲುಜ್ಜುವ ಪೇಸ್ಟು ಮೆತ್ತಿದರು. ಪಾಟಿಚೀಲದಿಂದ ಮಸಿಯ ದೌತಿ ತಂದು ಸುರಿದವರು ಯಾರೆಂದು ಇಂದಿಗೂ ತಿಳಿದಿಲ್ಲ. ತಣ್ಣೀರು ಹಾಕಬೇಕೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಬೆಂದದ್ದಕ್ಕೆ ನೀರು ತಾಗಿದರೆ ಬೊಬ್ಬೆ ಏಳುತ್ತದೆಂದು ನಾಲ್ಕು ಮಂದಿ ಅಡ್ಡಗಟ್ಟಿದ್ದರಂತೆ. ಹೆದ್ದಾರಿಯಲ್ಲಿ ಸಿಕ್ಕ ಟೆಂಪೋ ಹತ್ತಿಸಿ ಹಾವೇರಿಗೆ ಒಯ್ದಾಗ ಡಾಕ್ಟರರು ನೀಲಿ ಬಿಳಿ ಮುದ್ದೆಯನ್ನು ಬಹಳ ಹೊತ್ತು ನೋಡಿ ಅಪ್ಪನಿಗೆ ಕೇಳಿದರು:

"ಇದರಾಗ ಕೈ ಯಾವುದ್ರಿ?"

ಅಲ್ಲಿಂದ ಹುಬ್ಬಳ್ಳಿಯ ಆಸ್ಪತ್ರೆ. ಅಲ್ಲಿ ಕೆಲವು ದಿನಗಳ ಮೇಲೆ ನನ್ನ ತೊಡೆಯಿಂದ ಚರ್ಮ ತೆಗೆದು ಅಂಗೈಗೂ ಬೆರಳುಗಳಿಗೂ ಹಚ್ಚಿದರು. ಹೀಗಾಗಿ ಈ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ನನ್ನ ಕೈ ಕುಲುಕಿದ ಸಮಸ್ತ ಗಣ್ಯರೂ, ಕಟ್ಟುನಿಟ್ಟಾಗಿ ಹೇಳಬೇಕೆಂದರೆ, ನನ್ನ ತೊಡೆಯನ್ನು ಕುಲುಕಿದ್ದಾರೆ. ಯಾರಿಗೂ ಹೇಳಿಲ್ಲ. ಮರ್ಯಾದಸ್ಥರು.

ಒಂದು ಭಾನುವಾರ ಅಪ್ಪನ ಜೊತೆ ಬಸು ಬಂದ. ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದರು. ಮಂಚದ ಕಾಲ ಬುಡದಲ್ಲಿ ನಿಂತು ಕಬ್ಬಿಣದ ಸರಳು ಕೆರೆದ. ಆಮೇಲೆ ಗೋಡೆಗೆ ಹೇಳುವವನಂತೆ ಅಂದ:

"ಲೇ ಮಂಜ್ಯಾ. ನಾ ಔಟ್."

"ಏನಂದಿ?"

"ಔಟ್ ಅಂದ್ನೆಲ್ಲ. ನೀ ಚೊಲೋ ಹಿಡದಿದ್ದಿ."

ಇಷ್ಟು ದಿನ ಸೂಜಿ, ಪಟ್ಟಿ, ಕೊಯ್ತ ಎಲ್ಲ ಆಗಿದ್ದವು; ಅಷ್ಟಾದರೂ ಪರಿಸ್ಥಿತಿ ಇಷ್ಟು ಕೆಟ್ಟಿದೆಯೆಂದು ನನಗೆ ಅನಿಸಿರಲಿಲ್ಲ. ನಾನು ಆಸ್ಪತ್ರೆ ಹಾರಿಹೋಗುವಂತೆ ಬಾಯಿ ತೆಗೆದೆ.

"ಯವ್ವಾ! ನಾ ಸಾಯ್ತೇನೇನ?"

ಅವ್ವ ಗಾಬರಿಯಾಗಿ ಎದ್ದಳು. "ಯಾರಂದ್ರೋ ಹಂಗ? ಯಾ ಡಾಕ್ಟರ್ ಅಂದ?"

"ಬಸ್ಯಾ ಔಟ್ ಅಂತ ಒಪ್ಗೊಂಡಾನ!"

ಅಪ್ಪ ಬಸುವಿನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದ. ಹೋಗುತ್ತ ಅಪ್ಪನ ಭುಜ ಅಲ್ಲಾಡುತ್ತಿತ್ತು. ನಗುತ್ತಿದ್ದನೋ ಏನೋ ಹಿಂದಿನಿಂದ ತಿಳಿಯಲಿಲ್ಲ.

ಶಿವರಾತ್ರಿಯ ಮುಂದೆ ಮನೆಗೆ ಬಂದೆವು. ನೋಡಲು ಬರುವವರ ಸಾಲು ಶುರುವಾಯಿತು. ಗುತ್ತಲದ ಬೀಗರು, ಕುಪ್ಪೇಲೂರಿನ ಸೋದರಮಾವ, ಊರಿನ ಉಳಿದವರು. ಎಲ್ಲರೂ ಬಿಸ್ಕೀಟಿನ ಪುಡಿಕೆ ತರುತ್ತಿದ್ದರು, ಎಲ್ಲರೂ "ಎಲ್ಲಿ, ಕೈ ತೋರ್ಸು" ಎನ್ನುತ್ತಿದ್ದರು, ತೋರಿಸಿದ ಮೇಲೆ ಎಲ್ಲರೂ ಬಾಯಿಗೆ ಸೆರಗೋ ಟವೆಲ್ಲೋ ಹಚ್ಚುತ್ತಿದ್ದರು. ಬಿಸ್ಕೀಟಿನ ದೃಷ್ಟಿಯಿಂದ ಅದು ನನ್ನ ಬಾಲ್ಯದ ಸುವರ್ಣಯುಗ. ಆದರೆ ಅವ್ವನಿಗೆ ಈ ಮಂದಿಯ ಕಣ್ಣಿನ ಮೇಲೆ ಸಂಶಯ ಹುಟ್ಟಿತು. ನಮ್ಮ ಕಡೆ ಕೆಟ್ಟ ದೃಷ್ಟಿಗೆ ನೆದರು ಎನ್ನುತ್ತಾರೆ. ಕೂಸಿಗೆ ಮಂದಿಯ ನೆದರು ತಾಗಿದೆ, ಅದಕ್ಕೇ ಕೈ ಬೇಗ ಮಾಯುತ್ತಿಲ್ಲ ಎಂದು ಅವಳ ತೀರ್ಮಾನ.

ನೆದರು ತಾಗಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಪರೀಕ್ಷೆಯುಂಟು. ಒಣಮೆಣಸಿನಕಾಯಿ, ಉಪ್ಪು, ಸಾಸಿವೆ ಮುಷ್ಟಿಯಲ್ಲಿ ಹಿಡಿದು ಕೂಸಿನ ಸುತ್ತ ತಿರುವಿ ಇಳಿಸಿ, ಉಗುಳಿಸಿ, ಕೆಂಡಕ್ಕೆ ಹಾಕಬೇಕು. ಘಾಟು ಎದ್ದು ಕೆಮ್ಮು ಬಂದರೆ ಚಿಂತೆಯಿಲ್ಲ. ಘಾಟು ಏಳದಿದ್ದರೆ ನೆದರು ಭಾರೀ ಎಂದು ಅರ್ಥ. ಶಾಸ್ತ್ರ ಸರಿಯಾದದ್ದೇ. ಆದರೆ ಅದನ್ನು ಮಾಡಿದವರು ಯಾರೋ ಬೇರೆ ಸೀಮೆಯವರಿರಬೇಕು. ನಮ್ಮ ಮನೆಯಲ್ಲಿ ಇದ್ದದ್ದು ಬ್ಯಾಡಗಿ ಮೆಣಸಿನಕಾಯಿ. ಸಾರಿಗೆ ನಾಲ್ಕು ಹಾಕಿದರೆ ಸಾರು ಕುಂಕುಮವಾಗುತ್ತದೆ, ನಾಲಿಗೆಗೆ ಮಾತ್ರ ಅದರ ಸುದ್ದಿಯೇ ಇರುವುದಿಲ್ಲ. ಬಣ್ಣ ಬಹಳ, ಖಾರ ಅಷ್ಟಕ್ಕಷ್ಟೇ. ಅಂಥದನ್ನು ಕೆಂಡಕ್ಕೆ ಹಾಕಿದರೆ ಎಂಥ ಘಾಟು ಎದ್ದೀತು? ಹೀಗಾಗಿ ನಮ್ಮ ಸುತ್ತಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಪ್ರತಿ ಕೂಸಿಗೂ ನೆದರು ಭಾರೀ ಎಂದೇ ತೀರ್ಪು ಬರುತ್ತಿತ್ತು. ನನಗೂ ಬಂತು.

ಅವ್ವ ದಿನಾ ಸಂಜೆ ಇಳಿಸುತ್ತಿದ್ದಳು. ದಿನಾ ಕೆಂಡದ ಮೇಲೆ ಕಾಯಿಗಳು ಸಭ್ಯವಾಗಿ ಕಪ್ಪಾಗುತ್ತಿದ್ದವು.

"ಏನೂ ವಾಸನಿನ ಇಲ್ಲ. ನೋಡ್ರಿ ಅತ್ತಿ, ಎಂಥಾ ಕಣ್ಣು ಬಿದ್ದಾವ ನನ್ನ ಕೂಸಿನ ಮ್ಯಾಲ!"

"ಯಾರ ಕಣ್ಣ?" ಎನ್ನುತ್ತಿದ್ದಳು ಆಯಿ, ರೊಟ್ಟಿಯಿಂದ ತಲೆಯೆತ್ತದೆ.

ಅವ್ವ ಬಾಯಿ ಬಿಡದೆ ಗೋಡೆಯಾಚೆಯ ಮನೆಯ ಕಡೆ ಗದ್ದ ಎತ್ತುತ್ತಿದ್ದಳು. ದಿನಕ್ಕೆರಡು ಸಲ ಬಂದು ವಿಚಾರಿಸುತ್ತಿದ್ದ ನೀಲವ್ವನ ಮೇಲೆ ಅನುಮಾನ. ಇಬ್ಬರ ನಡುವೆ ಮಾತು ನಿಂತಿತು. ನೀಲವ್ವ ಕಳಿಸಿದ ಸಿಹಿ ಗುಳ್ಳಡಕಿ ಉಂಡಿಯ ಡಬ್ಬಿ ಮುಚ್ಚಿದಂತೆಯೇ ಹಿಂದಿರುಗಿತು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ. ಕೇಳಿದ್ದರೆ ಡಬ್ಬಿಯ ಬಗ್ಗೆ ಬೇರೆ ಹೇಳುತ್ತಿದ್ದೆ.

ಅದಕ್ಕಿಂತ ಕೆಟ್ಟದ್ದೆಂದರೆ, ಯಾರ ಕಣ್ಣಿಗೂ ಬೀಳದಂತೆ ಅವ್ವ ನನ್ನ ಕೈಯನ್ನು ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಎದೆಗೆ ಅವಚಿಟ್ಟಂತೆ ಕಟ್ಟಿಬಿಟ್ಟಳು. ಬೆರಳು ನೆಟ್ಟಗಿಡಲು ಆಸ್ಪತ್ರೆಯಲ್ಲಿ ಕೊಟ್ಟ ಕೈ ಪಟ್ಟಿಯನ್ನು ಗೋಡೆಯ ಗೂಡಿನಲ್ಲಿ ಇಟ್ಟಳು. ಅನ್ನ ಕಲಸಿ ಬಾಯಿಗಿಡುವವಳು ಅವಳೇ, ಗುಂಡಿ ಹಾಕುವವನು ಬಸು. ಯಾರಿಗೂ ಕೆಟ್ಟ ಬುದ್ಧಿಯಿರಲಿಲ್ಲ. ಎಲ್ಲರೂ ಸೇರಿ ಪ್ರೀತಿಯಿಂದ ನನ್ನ ಕೈಯನ್ನು ಮುಚ್ಚುತ್ತಿದ್ದರು.

ಹೋಳಿಯ ಹೊತ್ತಿಗೆ ಹುಬ್ಬಳ್ಳಿಗೆ ತೋರಿಸಲು ಹೋದೆವು. ಈ ಸಲ ಆಯಿಯೂ ಬಂದಳು. ಅಲ್ಲಿ ವ್ಯಾಯಾಮ ಮಾಡಿಸುವ ಮೇಡಂ ಒಬ್ಬರಿದ್ದರು. ವಯಸ್ಸು ಚಿಕ್ಕದು, ದನಿ ದೊಡ್ಡದು. ಬಟ್ಟೆ ಬಿಚ್ಚಿದರು. ನನ್ನ ಬೆರಳುಗಳು ಅಂಗೈ ಕಡೆಗೆ ಬಾಗಿ, ಏನನ್ನೋ ಹಿಡಿದು ಬಿಡಲೊಲ್ಲದ ಹಾಗೆ ನಿಂತಿದ್ದವು.

"ಟೇಬಲ್ ಮ್ಯಾಲ ಅಂಗೈ ಊರು ತಮ್ಮಾ. ಚಪ್ಪಟೆ."

ಊರಿದೆ. ಮೇಡಂ ಒಂದು ಕಾಗದದ ಹಾಳೆ ತೆಗೆದು ಅಂಗೈಯ ಕೆಳಗೆ ಸರಿಸಿದರು. ಅದು ಈ ಕಡೆಯಿಂದ ಆ ಕಡೆಗೆ ಆರಾಮವಾಗಿ ದಾಟಿತು. ಹಾಳೆಯೇನು, ಬೆಕ್ಕಿನ ಮರಿಯೂ ದಾಟುತ್ತಿತ್ತು.

"ದಿನಾ ಕೈ ಒತ್ತಿಸಿ ನೆಟ್ಟಗ ಮಾಡಿಸ್ರಿ ಅಂತ ಹೇಳಿದ್ದೆನಲ್ರಿ?"

"ಮಂದಿ ಕಣ್ಣು ಬೀಳತಾವಂತ ಕಟ್ಟಿ ಇಟ್ಟಿದ್ದೇನ್ರಿ," ಅಂದಳು ಅವ್ವ, ಬಹಳ ಸಣ್ಣ ದನಿಯಲ್ಲಿ.

"ಕಟ್ಟಿಟ್ರ ಅದು ಹಂಗ ಮುಚ್ಚಿ ಹೋಕ್ಕತಿ ಅಕ್ಕಾರ. ಹೊಸಾ ಚರ್ಮ ಕುಗ್ಗತೈತಿ. ಬಿಚ್ಚಿ ಕೆಲಸಕ್ಕ ಹಚ್ಚರಿ. ಬಸವ ಜಯಂತಿ ಮುಂದ ಬರ್ರಿ, ಈ ಹಾಳಿ ಆಗ ದಾಟಬಾರದು. ದಾಟಿತಂದ್ರ ಮತ್ತ ಕೊಯ್ಯೂದ. ಮತ್ತ ತೊಡಿ ಚರ್ಮ, ಮತ್ತ ಮೊದಲಿಂದ."

ಇನ್ನೊಂದು ತೊಡೆಯನ್ನು ನಾನು ಕೈಯಿಂದ ಮುಚ್ಚಿಕೊಂಡೆ.

"ಏನು ಕೆಲಸ ಹಚ್ಚೂಣವ್ವಾ ಇದಕ್ಕ?" ಆಯಿ ಕೇಳಿದಳು.

"ಮೆತ್ತಂದು ಏನರ ಇಟ್ಟು ಅಂಗೈಲೆ ಒತ್ತಿಸ್ರಿ. ನಾದಿದ ಹಿಟ್ಟು ಆದ್ರ ಭಾಳ ಚೊಲೊ."

"ಜ್ವಾಳದ್ದು ನಡಿತೈತೇನು?"

"ನಡಿತೈತ್ರಿ ಅಜ್ಜಿ. ಆದ್ರ ಆರಿರಬೇಕು, ಬಿಸಿ ಇರಬಾರದು. ಹೊಸಾ ಚರ್ಮಕ್ಕ ಬಿಸಿ ಗೊತ್ತಾಗಂಗಿಲ್ಲ."

ಆಯಿ ತಲೆಯಾಡಿಸಿದಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸಂತೆಯಲ್ಲಿ ಸಾಮಾನು ನೋಡುವವಳಂತೆ ನೋಡುತ್ತಿದ್ದಳು.

ಆದರೆ ಮನೆಗೆ ಬಂದ ಮೇಲೆ ಅವ್ವ ಮತ್ತೆ ಬಟ್ಟೆ ಸುತ್ತಿದಳು. ಮೇಡಂ ಹೇಳಿದ್ದು ಅವಳಿಗೆ ತಿಳಿದಿತ್ತು. ತಿಳಿಯುವುದಕ್ಕೂ ಧೈರ್ಯವಾಗುವುದಕ್ಕೂ ನಡುವೆ ಒಂದು ಕೆಂಡದ ಒಲೆಯಿತ್ತು. ಸಂಜೆ ಇಳಿಸಿ ಹಾಕಿದಳು. ಘಾಟಿಲ್ಲ.

"ನೆದರು ಹೋಗೂತನಕ ನಾ ಬಿಚ್ಚಂಗಿಲ್ಲ," ಎಂದು ಕಣ್ಣೊರೆಸಿಕೊಂಡಳು. "ಯಾರ ಏನರ ಅನ್ರಿ."

ಅಪ್ಪ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ಕೇಳುತ್ತಿದ್ದ. ಬ್ಯಾಡಗಿ ಕಾಯಿಗೆ ಖಾರವಿಲ್ಲವೆಂಬ ಸಂಗತಿ ಅವನಷ್ಟು ಚೆನ್ನಾಗಿ ತಿಳಿದವರು ಮನೆಯಲ್ಲಿರಲಿಲ್ಲ. ಅದನ್ನು ಕೂಗಿ ಕೂಗಿ ಮಾರುವುದೇ ಅವನ ಅಂಗಡಿಯ ಕಸುಬು. ಎದ್ದು ಬಂದು ಎರಡು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೆಂಡತಿಯ ಜೊತೆ ವಾದಕ್ಕಿಳಿದವರ ಗತಿಯನ್ನು ಅವನು ಪೇಟೆಯಲ್ಲಿ ಕೇಳಿದ್ದಿರಬೇಕು.

ಮರುದಿನ ಸಂಜೆ ಸೈಕಲ್ ನಿಲ್ಲಿಸಿ, ಅಂಗಿಯ ಕಿಸೆಯಿಂದ ಒಂದು ಮುಷ್ಟಿ ಕಾಯಿ ತೆಗೆದು ಅವ್ವನ ಮುಂದೆ ಹಿಡಿದ.

"ಇವತ್ತ ಇವು ಹಾಕು. ಹೊಸಾ ಮಾಲು."

ಅವ್ವ ಇಸಿದುಕೊಂಡಳು. ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಿದಳು. ಇಳಿಸಿದಳು, ಉಗುಳಿಸಿದಳು, ಒಲೆಗೆ ಹಾಕಿದಳು.

ಆಮೇಲೆ ನಡೆದದ್ದನ್ನು ವರ್ಣಿಸಲು ನನ್ನಲ್ಲಿ ಶಕ್ತಿಯಿಲ್ಲ. ಮೊದಲು ಆಯಿ ಕೆಮ್ಮಿದಳು. ಆಮೇಲೆ ನಾನು. ಬಸು ಬ್ಯಾಟು ಬಿಟ್ಟು ಹೆದ್ದಾರಿಯ ಕಡೆ ಓಡಿದ. ಎಮ್ಮೆ ಹಗ್ಗ ಜಗ್ಗಿ ಒದರಿತು. ಚಪ್ಪರದ ಕೆಳಗಿನಿಂದ ಹೊರಟ ಹೊಗೆ ಗೋಡೆ ದಾಟಿತು, ಮತ್ತು ಅದೇ ಗೋಡೆ ದಾಟಿ ಮೂಗಿಗೆ ಸೆರಗು ಹಿಡಿದ ನೀಲವ್ವ ಬಂದಳು.

"ಏನ್ ಸುಡಾಕತ್ತೀರಬೇ ಶಾಂತವ್ವಾ? ಊರು ಬಿಡಸ್ತೀರೇನು?"

ಅವ್ವನ ಕಣ್ಣು ಮೂಗು ಎಲ್ಲ ಹರಿಯುತ್ತಿದ್ದವು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿದಿರಲಿಕ್ಕಿಲ್ಲ. "ಹೋತು ನೀಲವ್ವಾ! ನೆದರು ಹೋತು!"

"ಯಾರ ನೆದರು?"

ಅವ್ವ ಸೆರಗಿನಿಂದ ಮೂಗೊರೆಸಿಕೊಂಡಳು.

"ಯಾರದೋ ಇರ್ತಾವ. ಕುಂದ್ರ ಬಾ, ಚಾ ಮಾಡತೀನಿ."

ಸೀರೆಯ ತುಂಡು ಅಂದೇ ಬಿಚ್ಚಿತು. ಉಂಡಿಯ ಡಬ್ಬಿ ಮರುದಿನ ಮತ್ತೆ ಬಂತು. ಒಲೆಯ ಬದಿಗೆ ಬಿದ್ದಿದ್ದ ಒಂದು ಕಾಯಿ ಬಸುವಿಗೆ ಸಿಕ್ಕಿತು. ಬ್ಯಾಡಗಿ ಕಾಯಿಯ ಮೈಯೆಲ್ಲ ಸುಕ್ಕು. ಇದು ಗಿಡ್ಡ, ನುಣುಪು. ಪರೀಕ್ಷೆಗೆಂದು ತುದಿ ಕಡಿದವನು ಒಂದು ತಂಬಿಗೆ ನೀರು ಕುಡಿದು, ಎರಡನೆಯ ತಂಬಿಗೆಗೆ ಕೈ ಚಾಚುತ್ತ ಅಂದ: "ಆಯಿ, ಇದು ಗುಂಟೂರು ಕಾಯಿ!"

"ಸುಮ್ಕಿರು ಭಾಡ್ಯಾ," ಅಂದಳು ಆಯಿ.

ಅವ್ವನಿಗೆ ತಿಳಿಯಲಿಲ್ಲವೇ ಎಂದು ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ವರ್ಷಗಟ್ಟಲೆ ಆ ಕಾಯಿಗಳ ತೊಟ್ಟು ಮುರಿದ ಕೈ ಅದು. ಕಣ್ಣು ಮುಚ್ಚಿ ಮುಟ್ಟಿದರೂ ಇದು ಯಾವ ಸೀಮೆಯದೆಂದು ಹೇಳುವಂಥದ್ದು. ಆ ಒಂದು ಗಳಿಗೆ ಅವಳು ಹಿಡಿದು ನೋಡಿದ್ದೂ ನನಗೆ ನೆನಪಿದೆ. ಕೇಳಲಿಲ್ಲ. ಕೇಳುವ ಮಾತಲ್ಲ.

ರೊಟ್ಟಿಯ ಪರ್ವ ಹೀಗೆ ಆರಂಭವಾಯಿತು. ಒಲೆಯ ಹತ್ತಿರ ನಾನು ಹೋಗುತ್ತಿರಲಿಲ್ಲ. ಕಟ್ಟಿಗೆ ಚಟಪಟ ಅಂದರೂ ಅಂಗಳದ ಆ ತುದಿಗೆ ಓಡುತ್ತಿದ್ದೆ. ಆಯಿ ಬಲವಂತ ಮಾಡಲಿಲ್ಲ. ಅಂಗಳದ ಆ ತುದಿಯ ಬೇವಿನ ಗಿಡದ ಕೆಳಗೆ ನನಗೊಂದು ಹಲಗೆ ಹಾಕಿಕೊಟ್ಟಳು, ಒಂದು ಉಂಡೆ ಆರಿದ ಹಿಟ್ಟು ಇಟ್ಟಳು, ತಾನು ಒಲೆಯ ಮುಂದೆ ಕುಳಿತಳು. ಅವಳು ಟಪ್ ಅಂದಾಗ ನಾನು ಟಪ್ ಅನ್ನಬೇಕು. ಅಷ್ಟೇ ಪಾಠ.

ರೊಟ್ಟಿ ಬಡಿಯುವುದು ಸುಲಭವೆಂದು ತಿಳಿದವರು ರೊಟ್ಟಿ ತಿನ್ನುವವರು ಮಾತ್ರ. ಅಂಗೈ ಪೂರ್ತಿ ತೆರೆಯದಿದ್ದರೆ ಹಿಟ್ಟು ಹರಡುವುದೇ ಇಲ್ಲ, ತಗ್ಗು ಬೀಳುತ್ತದೆ. ಬಾಗಿದ ನನ್ನ ಬೆರಳುಗಳು ಹಿಟ್ಟಿನಲ್ಲಿ ಕೋಳಿ ಕೆದರಿದಂತೆ ಗುರುತು ಮಾಡುತ್ತಿದ್ದವು. ಆರಿದ ಹಿಟ್ಟಿನ ರೊಟ್ಟಿ ಮೊದಲೇ ಬಿರಿಯುತ್ತದೆ. ನನ್ನದು ಹಂಚಿಗೆ ಹೋಗುವ ಮೊದಲೇ ಹೋಳಾಗುತ್ತಿತ್ತು. ಆಯಿ ಆ ಹೋಳುಗಳನ್ನು ಹಾಗೆಯೇ ಸುಟ್ಟು ಅಪ್ಪನ ತಾಟಿಗೆ ಹಾಕುತ್ತಿದ್ದಳು. ಮನೆಯ ಕಾನೂನು: ಮಂಜ್ಯಾನ ಮೊದಲ ರೊಟ್ಟಿ ಅಪ್ಪನಿಗೆ. ಅಪ್ಪ ಅದನ್ನು ಬಹಳ ಹೊತ್ತು ಅಗಿದು, ನುಂಗಿ, ನೀರು ಕುಡಿದು, ದಿನವೂ ಅದೇ ಒಂದು ಮಾತು ಹೇಳುತ್ತಿದ್ದ:

"ನಿನ್ನಿಗಿಂತ ಚೊಲೊ ಐತಿ."

ಹುಡುಗ ರೊಟ್ಟಿ ಬಡಿಯುತ್ತಾನೆಂಬ ಸುದ್ದಿ ಓಣಿಗೆ ಹಬ್ಬಲು ತಡವಾಗಲಿಲ್ಲ. ಆಟದ ಗೆಳೆಯರು ಬಂದು ಬೇಲಿಯ ಮೇಲೆ ಇಣುಕಿದರು. ಬಸು ಬ್ಯಾಟು ಹಿಡಿದು ಬಾಗಿಲಲ್ಲಿ ಕುಳಿತಿದ್ದ.

"ಏ ಬಸ್ಯಾ, ನಿನ್ನ ತಮ್ಮ ಹೆಣ್ಮಕ್ಕಳ ಹಂಗ ರೊಟ್ಟಿ ಬಡ್ಯಾಕತ್ತಾನಂತ, ಖರೇ ಏನ?"

"ಖರೇ. ತಿಂತೀಯೇನ ಒಂದ? ತಿಂದ ಮ್ಯಾಲ ಹಲ್ಲು ಎಣಿಸ್ಕೊಂಡು ಹೋಗು. ಆಮ್ಯಾಲ ನಾ ಹೊಡದದ್ದಕ್ಕ ಹೋದ್ವೋ, ರೊಟ್ಟಿಗೆ ಹೋದ್ವೋ ಅಂತ ಲೆಕ್ಕ ತಪ್ಪಬಾರದು."

ಯಾರೂ ತಿನ್ನಲಿಲ್ಲ.

ಬಿಸಿಲು ಏರಿತು. ಹೊಸ ಚರ್ಮ ಒಣಗಿ ಬಿರಿಯತೊಡಗಿತು. ಒಂದು ದಿನ ಬಿಳಿ ಹಿಟ್ಟಿನಲ್ಲಿ ಕೆಂಪು ಗೆರೆ ಮೂಡಿತು. ನಾನು ಹಲಗೆ ಒದ್ದೆ. ಹಿಟ್ಟು ಮಣ್ಣಿಗೆ ಬಿತ್ತು.

"ನನಗ ಬ್ಯಾಡ! ಕೊಯ್ದ್ರ ಕೊಯ್ಲಿ! ಕೈ ಹಿಂಗ ಇರ್ಲಿ!"

ಅವ್ವ ಒಳಗೆ ಹೋದಳು. ನೋಡಲಾಗದೆ ಹೋದಳೆಂದು ಈಗ ತಿಳಿಯುತ್ತದೆ. ಅಪ್ಪ ಇರಲಿಲ್ಲ. ಆಯಿ ಎದ್ದು ಬಂದಳು, ಹಿಟ್ಟನ್ನು ಎತ್ತಿ ಎಮ್ಮೆಯ ಬಾನಿಗೆ ಹಾಕಿದಳು, ನನ್ನ ಅಂಗೈಗೆ ಆಸ್ಪತ್ರೆಯ ಮುಲಾಮು ಹಚ್ಚಿದಳು. ಬೈಯಲಿಲ್ಲ, ಮುದ್ದಿಸಲೂ ಇಲ್ಲ. ಮುಲಾಮಿನ ಮುಚ್ಚಳ ತಿರುಗಿಸುತ್ತ ಕೇಳಿದಳು:

"ಆವತ್ತ ಚೆಂಡು ತಗಡಿಗೆ ಬಡದಿತ್ತೋ ಇಲ್ಲೋ, ನಿನಗ ಗೊತ್ತೈತೇನ?"

ನಾನು ಅಳು ನಿಲ್ಲಿಸಿದೆ. "ನಿನಗ ಗೊತ್ತೈತಿ?"

"ತಗಡಿನ ಬುಡಕ ಕುಂತಾಕಿ ನಾನ. ನನಗ ಗೊತ್ತಿರದ ಮತ್ಯಾರಿಗೆ ಗೊತ್ತಿರ್ತೈತಿ?"

"ಹೇಳು ಮತ್ತ!"

"ಈಗ ಹೇಳಂಗಿಲ್ಲ. ಮೇಡಂ ಹಾಳಿ ದಾಟದಂಗ ಅಂಗೈ ನೆಟ್ಟಗ ಮಾಡು. ಅವತ್ತ ಹೇಳತೀನಿ."

ಡಾಕ್ಟರರ ಕತ್ತರಿ, ಅವ್ವನ ಕಣ್ಣೀರು, ಅಪ್ಪನ ಹಲ್ಲು ಇವು ಯಾವುವೂ ಮಾಡಲಾಗದ್ದನ್ನು ಆ ಮಾತು ಮಾಡಿತು. ಎರಡು ದಿನ ಗಾಯ ಮಾಯಲು ಬಿಟ್ಟು ಮತ್ತೆ ಹಲಗೆಗೆ ಕುಳಿತೆ. ಆ ಹಲಗೆ ದಿನಕ್ಕಿಷ್ಟು ದಿನಕ್ಕಿಷ್ಟು ಒಲೆಯ ಕಡೆಗೆ ಸರಿಯುತ್ತಿತ್ತು. ಸರಿಸುವವರು ಯಾರೆಂದು ನಾನು ಕೇಳಲಿಲ್ಲ. ಬೇವಿನ ಬುಡದಲ್ಲಿದ್ದದ್ದು ಅಂಗಳದ ನಡುವೆ ಬಂತು, ಅಲ್ಲಿಂದ ಚಪ್ಪರದ ನೆರಳಿಗೆ. ಒಂದು ಸಂಜೆ ತಲೆಯೆತ್ತಿ ನೋಡಿದರೆ ನಾನು ಆಯಿಯ ಮೊಣಕೈ ತಾಗುವಷ್ಟು ಹತ್ತಿರ ಕುಳಿತಿದ್ದೆ, ಮುಂದೆ ಒಲೆ ಉರಿಯುತ್ತಿತ್ತು, ನನ್ನ ರೊಟ್ಟಿ ಹಲಗೆಯ ಮೇಲೆ ದುಂಡಗಲ್ಲದಿದ್ದರೂ ಇಡಿಯಾಗಿ ಬಿದ್ದಿತ್ತು. ಟಪ್ ಟಪ್ ಎರಡು ದನಿಯಲ್ಲಿ ನಡೆದಿತ್ತು.

ಬಸವ ಜಯಂತಿಯ ಮುಂದೆ ಹುಬ್ಬಳ್ಳಿಗೆ ಹೋದೆವು. ಮೇಡಂ ಟೇಬಲ್ ತೋರಿಸಿದರು. ಅಂಗೈ ಊರಿದೆ. ಹಾಳೆ ಕಿರುಬೆರಳಿನ ಕಡೆ ಸ್ವಲ್ಪ ಹೊಕ್ಕು ನಿಂತಿತು. ಅವರು ಇನ್ನೊಂದು ಕಡೆಯಿಂದ ನೂಕಿದರು, ಮಡಚಿತು. ಅಂಗೈಯ ಕೆಳಗೆ ಸಿಕ್ಕ ತುದಿಯನ್ನು ಜಗ್ಗಿದರು, ಹರಿಯಿತು.

"ಶಾಬ್ಬಾಸ್! ಏನ್ ಮಾಡಿದಿಯೋ?"

ಹುಬ್ಬಳ್ಳಿಯಂಥ ದೊಡ್ಡ ಊರಿನಲ್ಲಿ ರೊಟ್ಟಿ ಬಡಿದೆನೆಂದು ಹೇಳುವಷ್ಟು ನಾನಿನ್ನೂ ಗುಣವಾಗಿರಲಿಲ್ಲ. ಅವ್ವ ಹೇಳಿಬಿಟ್ಟಳು, ಅಲ್ಲಿದ್ದ ನರ್ಸುಗಳಿಗೂ ಹೇಳಿದಳು, ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ.

ಮೋಟೆಬೆನ್ನೂರಿನ ಕ್ರಾಸಿನಲ್ಲಿ ಬಸು ಕಾಯುತ್ತ ನಿಂತಿದ್ದ. ನಾನು ಇಳಿದೊಡನೆ ಅಂಗೈ ತೆರೆದು ತೋರಿಸಿದೆ. ಅವನು ಹಿಡಿದು, ತಿರುಗಿಸಿ, ಬೆರಳುಗಳನ್ನು ಹಿಂದಕ್ಕೊತ್ತಿ ನೋಡಿದ. ಬಿಟ್ಟ. ಕೆಮ್ಮಿದ.

"ಲೇ, ಆವತ್ತ ಚೆಂಡು ತಗಡಿಗೆ ಬಡದಿತ್ತು. ನಾ ಔಟಿಲ್ಲ."

ಹಾಳೆ ಹರಿದಾಗಲೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಈಗ ಬಂತು. ನಾನು ಸಾಯುವುದಿಲ್ಲ. ದಾರಿಯುದ್ದಕ್ಕೂ ಜಗಳಾಡುತ್ತ, ಒಬ್ಬರನ್ನೊಬ್ಬರು ನೂಕುತ್ತ ಮನೆ ಸೇರಿದೆವು.

ಸಂಜೆ ಆಯಿ ನನ್ನನ್ನು ಒಬ್ಬನನ್ನೇ ಚಪ್ಪರದ ಕೆಳಗೆ ಕರೆದಳು. ಕಿವಿಯ ಹತ್ತಿರ ಬಾಗಿದಾಗ ಅವಳ ಸೀರೆಗೆ ಹೊಗೆ ಮತ್ತು ಜೋಳದ ಹಿಟ್ಟಿನ ವಾಸನೆಯಿತ್ತು.

"ತಗಡು ಸಪ್ಪಳಾಗಲಿಲ್ಲ. ನೀ ನೆಟ್ಟಗ ಹಿಡದಿ. ಆದ್ರ ಅಣ್ಣಗ ಹೇಳಬ್ಯಾಡ. ಅವಗ ಭಾಳ ಕೆಟ್ಟನಸತೈತಿ. ಆವತ್ತಿಂದ ಅವ ನಿದ್ದಿ ಸೈತ ಮಾಡಿಲ್ಲ."

ನಾನು ಹೇಳಲಿಲ್ಲ. ಮುಂದೆ ಜಗಳ ಬಂದಾಗಲೆಲ್ಲ ಗೆದ್ದವನ ಔದಾರ್ಯದಿಂದ ಸುಮ್ಮನೆ ನಕ್ಕೆ. ವಿಚಿತ್ರವೆಂದರೆ ಬಸುವೂ ಕ್ರಮೇಣ ವಾದ ನಿಲ್ಲಿಸಿ ಬರೀ ನಗುತ್ತಿದ್ದ. ತಪ್ಪು ತನ್ನದೆಂದು ಒಳಗೊಳಗೆ ತಿಳಿದಿದೆ, ಪಾಪ, ಎಂದುಕೊಂಡೆ.

ನಾನೀಗ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದೇನೆ. ಬಲಗೈ ನನ್ನ ಎಲ್ಲ ಕೆಲಸಕ್ಕೂ ಒದಗುತ್ತದೆ. ಕಿರುಬೆರಳು ಮಾತ್ರ ಇಂದಿಗೂ ಸ್ವಲ್ಪ ಮೇಲೆ ನಿಲ್ಲುತ್ತದೆ, ಚಹಾ ಕುಡಿಯುವಾಗ ದೊಡ್ಡ ಮನುಷ್ಯನಂತೆ ಕಾಣುತ್ತೇನೆ. ಹೆಬ್ಬೆಟ್ಟಿಗೆ ಗೆರೆಗಳಿಲ್ಲ. ಅದನ್ನು ಒತ್ತಿದಾಗಲೆಲ್ಲ ಬೆರಳಚ್ಚಿನ ಯಂತ್ರ ಕೆಂಪು ದೀಪ ತೋರಿಸಿ ನಾನು ನಾನಲ್ಲವೆಂದು ಹೇಳುತ್ತದೆ. ತಾಂತ್ರಿಕವಾಗಿ ಅದರ ಮಾತು ಸರಿ. ಅದು ನನ್ನ ತೊಡೆ.

ಅಪ್ಪನೂ ಆಯಿಯೂ ಹೋಗಿ ವರ್ಷಗಳಾದವು. ಈಗ ಪೇಟೆಗೆ ಬರುವ ತಳಿಗಳಲ್ಲಿ ಖಾರ ಬಹಳ. ಅವ್ವ ಮೊಮ್ಮಕ್ಕಳಿಗೆ ಇಳಿಸಿ ಹಾಕಿದರೆ ಮೊದಲ ಸಲಕ್ಕೇ ಮನೆಯೆಲ್ಲ ಕೆಮ್ಮುತ್ತದೆ. ನೆದರು ಇಷ್ಟು ಸುಲಭವಾಗಿ ಹೋಗುವುದು ಅವಳಿಗೆ ಅಷ್ಟು ಸಮಾಧಾನ ತಂದಂತೆ ಕಾಣುವುದಿಲ್ಲ. ರೊಟ್ಟಿ ಪಾಕೀಟಿನಲ್ಲಿ ಬರುತ್ತದೆ, ಎಲ್ಲವೂ ಒಂದೇ ದುಂಡಗೆ.

ಹೋದ ವರ್ಷ ಬಸು ಹಳೆಯ ಚಪ್ಪರ ಕಿತ್ತು ಸ್ಲ್ಯಾಬು ಹಾಕಿಸಿದ. ಕಿತ್ತ ತಗಡುಗಳು ಅಂಗಳದಲ್ಲಿ ಬಿದ್ದಿದ್ದವು, ತುಕ್ಕು ಹಿಡಿದು, ಅಲ್ಲಲ್ಲಿ ತಗ್ಗಾಗಿ. ಇಬ್ಬರೂ ಅವುಗಳ ಮುಂದೆ ನಿಂತಿದ್ದೆವು. ಇಷ್ಟು ವರ್ಷದ ಮೇಲೆ ಇನ್ನೇನು ಎಂದು ನಾನೇ ಬಾಯಿ ಬಿಟ್ಟೆ.

"ಅಣ್ಣಾ, ಒಂದ ಮಾತು. ಆಯಿ ನನಗ ಹೇಳಿದ್ಲು. ತಗಡು ಸಪ್ಪಳಾಗಿರಲಿಲ್ಲಂತ."

ಬಸು ನನ್ನ ಮುಖ ನೋಡಿದ. ಕಾಲಿನಿಂದ ಒಂದು ತಗಡನ್ನು ತಟ್ಟಿದ. ಅದು ಢಣ್ಣೆಂದಿತು.

"ನನಗ ಸಪ್ಪಳಾತು ಅಂತ ಹೇಳಿದ್ಲು," ಅಂದ. "'ನೀ ಔಟಾಗಿರಲಿಲ್ಲ, ಆದ್ರ ತಮ್ಮಗ ಹೇಳಬ್ಯಾಡ, ಅವ ಆ ಚೆಂಡಿಗೆ ಕೈ ಸುಟ್ಗೊಂಡಾನ' ಅಂದ್ಲು."

ಮೂವತ್ತು ವರ್ಷ ನಾನು ಅವನನ್ನು ಕ್ಷಮಿಸುತ್ತ ಬಂದಿದ್ದೆ, ಅವನು ನನ್ನನ್ನು. ಇಬ್ಬರ ಔದಾರ್ಯವೂ ಒಂದೇ ಒಲೆಯ ಮುಂದೆ ಬಡಿದದ್ದು.

"ಖರೇ ಯಾವುದಿರಬೇಕು?" ಅಂದೆ.

"ಕೇಳೂಣಂದ್ರ ಯಾರದಾರ?" ಅಂದ ಬಸು.

ಗುಜರಿಯವನು ಬಂದು ತಗಡುಗಳನ್ನು ತೂಕಕ್ಕೆ ಹಾಕಿ ಒಯ್ದ. ಗಾಡಿ ಓಣಿಯ ತಿರುವು ದಾಟುವವರೆಗೂ ಅವು ಸಪ್ಪಳ ಮಾಡುತ್ತಲೇ ಹೋದವು.